ಜರಡಿಯ ಆಚೆ ಯಾರಿದ್ದಾರೆ?

ನಿಮ್ಮ ಮನೆಯ ಚಟ್ನಿಗೆ ಬಿದ್ದ ಶೇಂಗಾ ಬೀಜವೂ, ಯಾವುದೋ ದೇಶದ ಅಂಗಡಿಯಲ್ಲಿ ಉಪ್ಪು ಹಚ್ಚಿಕೊಂಡು ಪ್ಯಾಕೆಟ್ಟಿನಲ್ಲಿ ಕೂತ ಬೀಜವೂ ಒಂದೇ ಹೊಲದ್ದಾಗಿರಬಹುದು. ಎರಡನ್ನೂ ಬೇರೆ ಮಾಡಿದ್ದು ಒಂದು ಜರಡಿ. ಇವತ್ತು ಅದರ ಬಗ್ಗೆ ಮಾತಾಡೋಣ. ರಾಜಕೀಯ ಎಲ್ಲಿಗೂ ಓಡಿಹೋಗಲ್ಲ, ನಾಳೆಗಿರಲಿ.

ರಫ್ತು ವ್ಯಾಪಾರದಲ್ಲಿ ಶೇಂಗಾ ಬೀಜದ ಗಾತ್ರ ಹೇಳೋದು 'ಕೌಂಟ್' ಲೆಕ್ಕದಲ್ಲಿ. ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಂಗೆ ಎಷ್ಟು ಬೀಜ ತೂಗುತ್ತವೆ ಅಂತ. 40-50 ಅಂದ್ರೆ ದಪ್ಪ ಬೀಜ. 80-90 ಅಂದ್ರೆ ಸಣ್ಣದು. ಆದರೆ ಯಂತ್ರಕ್ಕೆ ಎಣಿಸೋಕೆ ಬರಲ್ಲ. ಅದಕ್ಕೆ ಗೊತ್ತಿರೋದು ತೂತು ಒಂದೇ!

ಚಳ್ಳಕೆರೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಂಥ ಯಂತ್ರ ಕಟ್ಟುವವರನ್ನು ಕೇಳಿದೆ, ಇದರಲ್ಲಿ ಕಷ್ಟ ಏನ್ರೀ ಅಂತ. "ಸಾರ್, ಬೀಜ ಗೋಲಿ ಥರ ಗುಂಡಗಿದ್ದಿದ್ರೆ ನನಗೆ ತಲೆನೋವೇ ಇರ್ತಿರಲಿಲ್ಲ" ಅಂದರು. ನಿಜ. ಉದ್ದನೆಯ ಬೀಜ ತಲೆಕೆಳಗಾಗಿ ನಿಂತರೆ ಗುಂಡು ತೂತಿನಲ್ಲಿ ಇಳಿದುಹೋಗುತ್ತದೆ. ತೂತು ಅಳೆದಿದ್ದು ಅದರ ಅಗಲ ಮಾತ್ರ, ಉದ್ದ ಅಲ್ಲ. ಇನ್ನು ಹೋಳಾದ ಬೇಳೆ ಇದೆಯಲ್ಲ, ಅದರ ಅಗಲ ಇಡೀ ಬೀಜದಷ್ಟೇ, ದಪ್ಪ ಮಾತ್ರ ಅರ್ಧ. ಗುಂಡು ತೂತಿಗೆ ಈ ವ್ಯತ್ಯಾಸ ತಿಳಿಯಲ್ಲ. ಅದಕ್ಕೇ ಉದ್ದ ಸೀಳಿನ ಇನ್ನೊಂದು ಜರಡಿ ಬೇಕು, ಬೇಳೆ ಅಲ್ಲಿ ಜಾರಿ ಬೀಳುತ್ತದೆ.

ಇಳಿಜಾರು ಜಾಸ್ತಿಯಾದರೆ ಬೀಜ ತೂತನ್ನೇ ಹಾರಿಕೊಂಡು ಓಡುತ್ತದೆ. ಕಡಿಮೆಯಾದರೆ ಗುಡ್ಡೆ ಕಟ್ಟಿ, ಮೇಲಿನ ಬೀಜ ತೂತನ್ನು ನೋಡುವುದೇ ಇಲ್ಲ. ಅಲುಗಾಟ ಜೋರಾದರೆ ಕೆಂಪು ಸಿಪ್ಪೆ ಸುಲಿದು ರೇಟು ಬಿತ್ತು. ತೂತಿನಲ್ಲೇ ಸಿಕ್ಕಿಕೊಂಡ ಬೀಜಕ್ಕೆ? ಜರಡಿಯ ಕೆಳಗೆ ರಬ್ಬರ್ ಚೆಂಡುಗಳನ್ನು ಬಿಟ್ಟಿರುತ್ತಾರೆ. ಅವು ಪುಟಿದು ಪುಟಿದು ಕೆಳಗಿನಿಂದ ಗುದ್ದುತ್ತವೆ. ನನಗೆ ಬಹಳ ಹಿಡಿಸಿದ್ದು ಇದೇ.

ಇದು ಬರೀ ಅಂದದ ಪ್ರಶ್ನೆ ಅಲ್ಲ. ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮುರುಟಿದ, ಏಟು ತಿಂದ ಬೀಜಗಳಲ್ಲೇ ಹೆಚ್ಚಾಗಿ ಸೇರಿಕೊಳ್ಳುತ್ತದೆ. ನೇರವಾಗಿ ತಿನ್ನುವ ಶೇಂಗಾದಲ್ಲಿ ಇದು ಕಿಲೋಗೆ 4 ಮೈಕ್ರೋಗ್ರಾಂ ಮೀರಬಾರದು ಅನ್ನುತ್ತದೆ ಯುರೋಪಿನ ನಿಯಮ. ಜರಡಿ ಸಣ್ಣದನ್ನು ತೆಗೆದರೆ ಅಪಾಯ ತಗ್ಗುತ್ತದೆ, ಪೂರ್ತಿ ಹೋಗಲ್ಲ. ದಪ್ಪ ಬೀಜದಲ್ಲೂ ವಿಷ ಇರಬಹುದು, ಪ್ರಯೋಗಾಲಯದ ಪರೀಕ್ಷೆ ತಪ್ಪಿದ್ದಲ್ಲ.

ಆದರೆ ಸ್ವಾಮಿ, ಈ ಜರಡಿ ನಿಂತಿರೋದು ಎಲ್ಲಿ? ರೈತ ಮಾರುಕಟ್ಟೆಯಲ್ಲಿ ಕಾಯಿಯನ್ನು ರಾಶಿಯಾಗಿ ಸುರಿದು, ಇಡೀ ರಾಶಿಗೆ ಒಂದೇ ರೇಟು ತಗೊಂಡು ಬಸ್ ಹತ್ತುತ್ತಾನೆ. ಬೀಜ ಬಿಡಿಸಿ, ಗಾತ್ರ ವಿಂಗಡಿಸಿ, ದಪ್ಪದ್ದಕ್ಕೆ ಬೇರೆ ಬೆಲೆ ಹುಟ್ಟೋದು ಅವನು ಊರು ಸೇರಿದ ಮೇಲೆ. ನಾಲ್ಕಾರು ಹಳ್ಳಿಯ ರೈತರು ಸೇರಿ ಒಂದು ಯಂತ್ರ ಇಟ್ಟುಕೊಂಡರೆ, ಕೊನೇಪಕ್ಷ ತನ್ನ ರಾಶಿಯಲ್ಲಿ ದಪ್ಪ ಎಷ್ಟು, ಜಳ್ಳೆಷ್ಟು ಅಂತ ಗೊತ್ತಿಟ್ಟುಕೊಂಡು ಚೌಕಾಸಿಗೆ ಕೂರಬಹುದು.

ಅಂಥ ಒಂದು ಗುಂಪು ನಾನಿದ್ದಾಗಲೇ ಬಂದಿತ್ತು. ಯಂತ್ರದ ಬೆಲೆ ಕೇಳಿದರು. ಆತ ಬೆಲೆ ಹೇಳಲಿಲ್ಲ. "ಮಳೆ ಕೈಕೊಟ್ಟ ವರ್ಷ ಬೀಜ ಸಣ್ಣ ಆಗ್ತದೆ, ಹೋದ ವರ್ಷದ ಶೀಟು ಈ ವರ್ಷಕ್ಕೆ ಬರಲ್ಲ. ಮೊದಲು ನಿಮ್ಮ ಹೊಲದ್ದು ಒಂದು ಸೇರು ಬೀಜ ತಗೊಂಬನ್ನಿ" ಅಂದರು.