ಮೂತ್ರಪಿಂಡದ ಕಸಿಯ ಅನಂತರ ರಕ್ತದಲ್ಲಿನ ಕೊಬ್ಬು

ಮೂತ್ರಪಿಂಡದ ಕಸಿಯು ನಮ್ಮ ದೇಶದಲ್ಲಿ ಸಫಲವಾದುದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಇಂದು ಮೈಸೂರು ನಗರದಲ್ಲಿಯೇ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಮಾನಸಗಂಗೋತ್ರಿಗೆ ಅನತಿದೂರದಲ್ಲಿರುವ ಹಿನಕಲ್ಲಿನ ನಿವಾಸಿಯೊಬ್ಬರು ಕಸಿ ಮಾಡಿಸಿಕೊಂಡು ಮನೆಗೆ ಮರಳಿದ್ದಾರೆಂದು ಭಾವಿಸೋಣ. ಡಯಾಲಿಸಿಸ್ ನಿಂತಿದೆ, ಊಟ ರುಚಿಸತೊಡಗಿದೆ, ಕ್ರಿಯಾಟಿನಿನ್ ಮಿತಿಯೊಳಗಿದೆ. ಆದರೆ ಕೆಲವು ತಿಂಗಳುಗಳಲ್ಲಿ ರಕ್ತದ ಕೊಲೆಸ್ಟರಾಲ್ ಏರಿರುವುದು ಪರೀಕ್ಷೆಯಲ್ಲಿ ಕಂಡುಬರುತ್ತದೆ. ಮೂತ್ರಪಿಂಡವು ನೆಟ್ಟಗೆ ಕೆಲಸ ಮಾಡುತ್ತಿರುವಾಗ ಹೀಗೇಕೆ?

ಕಾರಣದ ಬಹುಭಾಗವು ಆ ಮೂತ್ರಪಿಂಡವನ್ನು ಕಾಪಾಡುವ ಔಷಧಗಳಲ್ಲಿಯೇ ಇದೆ. ಪರರ ಅಂಗವನ್ನು ಶರೀರವು ತಿರಸ್ಕರಿಸದಂತೆ ಇವುಗಳನ್ನು ನಿತ್ಯವೂ ಸೇವಿಸಬೇಕು. ಪ್ರೆಡ್ನಿಸೊಲೋನ್ ಹಸಿವನ್ನೂ ತೂಕವನ್ನೂ ಹೆಚ್ಚಿಸಿ, ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸಿ, ಯಕೃತ್ತು ಹೆಚ್ಚು ಕೊಬ್ಬನ್ನು ರಕ್ತಕ್ಕೆ ಬಿಡುವಂತೆ ಮಾಡುತ್ತದೆ. ಸೈಕ್ಲೋಸ್ಪೊರಿನ್ ಕೊಲೆಸ್ಟರಾಲು ಪಿತ್ತಾಮ್ಲವಾಗಿ ಮಾರ್ಪಡುವುದನ್ನು ತಡೆಯುತ್ತದೆ. ಸಿರೋಲಿಮಸ್ ಟ್ರೈಗ್ಲಿಸರೈಡುಗಳನ್ನು ವಿಶೇಷವಾಗಿ ಏರಿಸುತ್ತದೆ. ಟ್ಯಾಕ್ರೋಲಿಮಸ್ಸಿನಿಂದ ಕೊಲೆಸ್ಟರಾಲಿಗೆ ಆಗುವ ಬಾಧೆ ಕಡಮೆ. ಆದರೆ ಅದರಿಂದ ಮಧುಮೇಹದ ಭಯ ಹೆಚ್ಚು.

ಇದನ್ನು ಅಲಕ್ಷಿಸಬಾರದು. ಕಸಿಯಾದವರಲ್ಲಿ ಅನೇಕರು, ಹೊಸ ಮೂತ್ರಪಿಂಡವು ಚೆನ್ನಾಗಿರುವಾಗಲೇ, ಹೃದಯ ಮತ್ತು ರಕ್ತನಾಳಗಳ ಬೇನೆಯಿಂದ ತೀರಿಕೊಳ್ಳುತ್ತಾರೆ. 2003ರಲ್ಲಿ ಪ್ರಕಟವಾದ 'ಅಲರ್ಟ್' ಎಂಬ ಅಧ್ಯಯನದಲ್ಲಿ 2,102 ರೋಗಿಗಳನ್ನು ಸುಮಾರು 5 ವರ್ಷ ಪರಿಶೀಲಿಸಲಾಯಿತು. ಫ್ಲೂವಾಸ್ಟಾಟಿನ್ ಸೇವಿಸಿದವರಲ್ಲಿ ಕೆಟ್ಟ ಕೊಲೆಸ್ಟರಾಲೆನಿಸಿದ ಎಲ್.ಡಿ.ಎಲ್. ಶೇಕಡ 32ರಷ್ಟು ಇಳಿಯಿತು. ಹೃದ್ರೋಗದ ಮರಣ ಮತ್ತು ಹೃದಯಾಘಾತಗಳು ಮೂರರಲ್ಲೊಂದು ಪಾಲಿನಷ್ಟು ತಗ್ಗಿದವು. ಆದರೆ ಎಲ್ಲ ಬಗೆಯ ಹೃದಯಬಾಧೆಗಳನ್ನೂ ಒಟ್ಟುಗೂಡಿಸಿ ನೋಡಿದಾಗ ದೊರೆತ ಲಾಭವು ನಿಸ್ಸಂದೇಹವೆನ್ನುವಷ್ಟಿರಲಿಲ್ಲ. ಕಸಿಯ ಆಯುಸ್ಸೂ ಹೆಚ್ಚಲಿಲ್ಲ. ಹಾಗಿದ್ದರೂ 2013ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಕಸಿಯಾದ ವಯಸ್ಕರಿಗೆ ಸ್ಟಾಟಿನ್ ಕೊಡುವುದು ಯುಕ್ತವೆಂದು ಸೂಚಿಸಿತು.

ಇಲ್ಲಿ ಒಂದು ತೊಡಕುಂಟು. ಸೈಕ್ಲೋಸ್ಪೊರಿನ್ ಜೊತೆಗಿದ್ದರೆ ಸ್ಟಾಟಿನ್ನಿನ ಪ್ರಮಾಣವು ರಕ್ತದಲ್ಲಿ ಹಲವು ಪಟ್ಟು ಏರಬಹುದು. ಆಗ ಸ್ನಾಯುಗಳು ಶಿಥಿಲವಾಗಿ, ಅವುಗಳಿಂದ ಹೊರಬಿದ್ದ ಪ್ರೋಟೀನು ಮೂತ್ರಪಿಂಡವನ್ನೇ ಕೆಡಿಸುತ್ತದೆ. ಆದಕಾರಣ ಸಿಂವಾಸ್ಟಾಟಿನನ್ನು ಸೈಕ್ಲೋಸ್ಪೊರಿನಿನೊಡನೆ ಕೊಡಲೇ ಕೂಡದು. ಉಳಿದವುಗಳಲ್ಲಿಯೂ ಕೆಲವನ್ನು ಮಾತ್ರ ಅಲ್ಪಪ್ರಮಾಣದಲ್ಲಿ ಕೊಡುವುದು ಪದ್ಧತಿ. ಮೈಕೈ ನೋವು, ನಿಶ್ಶಕ್ತಿ, ಮೂತ್ರ ಕಪ್ಪಾಗುವುದು ಇವು ಕಂಡರೆ ವೈದ್ಯರಿಗೆ ಕೂಡಲೇ ತಿಳಿಸಬೇಕು.

ಆಹಾರದಲ್ಲಿಯೂ ಎಚ್ಚರ ಬೇಕು. ತುಪ್ಪ, ಡಾಲ್ಡಾ, ಕರಿದ ತಿಂಡಿಗಳನ್ನು ಮಿತಗೊಳಿಸಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ದೇವನಹಳ್ಳಿಗೆ ಹೆಸರು ತಂದ ಚಕ್ಕೋತವು ಕಸಿಯಾದವರಿಗೆ ಸಲ್ಲದೆಂಬುದು ಹಲವರಿಗೆ ತಿಳಿಯದು. ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೋಲಿಮಸ್‌ಗಳನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ಈ ಹಣ್ಣು ತಡೆಯುವುದರಿಂದ ಔಷಧದ ಮಟ್ಟ ಅಪಾಯಕರವಾಗಿ ಏರಬಹುದು.

ಕೊಬ್ಬು ಏರಿತೆಂದು ಹೆದರಿ ಕಸಿಯ ಔಷಧವನ್ನು ತಾವಾಗಿಯೇ ನಿಲ್ಲಿಸಿದರೆ ಮೂತ್ರಪಿಂಡವೇ ಕೈತಪ್ಪುತ್ತದೆ; ಅಂಗಡಿಯಿಂದ ಮತ್ತೊಂದು ಮಾತ್ರೆ ತಂದು ನುಂಗಿದರೂ ಹಾನಿಯೇ. ಔಷಧವನ್ನು ಬದಲಿಸಬೇಕೋ ಪ್ರಮಾಣವನ್ನು ತಗ್ಗಿಸಬೇಕೋ ಎಂಬುದನ್ನು ಕಸಿಯ ವೈದ್ಯರೇ ನಿರ್ಣಯಿಸಬೇಕು. ದಾನಿಯಿಂದ ದೊರೆತ ಅಂಗವನ್ನು ಉಳಿಸಿಕೊಳ್ಳುವಷ್ಟೇ ಶ್ರದ್ಧೆಯಿಂದ ಹೃದಯವನ್ನೂ ಕಾಪಾಡಿಕೊಂಡಾಗಲೇ ಆ ದಾನವು ಸಾರ್ಥಕವಾಗುವುದೆಂದು ನಾವು ಭಾವಿಸುತ್ತೇವೆ.