ಹದಿಮೂರನೆಯ ಎಲೆಯ ಕುಣಿತ

ಟ್ಯಾರೋ ಕಟ್ಟಿನ ಹದಿಮೂರನೆಯ ಎಲೆ ಸಾವಿನದು. 1909ರಲ್ಲಿ ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರದಲ್ಲಿ ಕಪ್ಪು ಕವಚ ತೊಟ್ಟ ಅಸ್ಥಿಪಂಜರವೊಂದು ಬಿಳಿ ಕುದುರೆಯೇರಿ ಬರುತ್ತದೆ. ರಾಜ ಅಂಗಾತ ಬಿದ್ದಿದ್ದಾನೆ, ಧರ್ಮಗುರು ಕೈ ಜೋಡಿಸಿ ನಿಂತಿದ್ದಾನೆ. ಇಪ್ಪತ್ತು ವರ್ಷ ಕಳೆದು, 1929ರಲ್ಲಿ, ಡಿಸ್ನಿಯವರ 'ಸ್ಕೆಲಿಟನ್ ಡಾನ್ಸ್' ಎಂಬ ಕಾರ್ಟೂನ್ ಬಂತು. ಅಲ್ಲಿಯೂ ಅಸ್ಥಿಪಂಜರಗಳೇ. ಆದರೆ ಅವು ಸ್ಮಶಾನದಲ್ಲಿ ಕೈಕೈ ಹಿಡಿದು ಕುಣಿಯುತ್ತವೆ, ಒಂದರ ಬೆನ್ನೆಲುಬನ್ನು ಇನ್ನೊಂದು ವಾದ್ಯದಂತೆ ಬಾರಿಸುತ್ತದೆ. ಹಳೆಯ ಕಾರ್ಟೂನಿನ ಶೈಲಿಯಲ್ಲಿ ಟ್ಯಾರೋ ಬರೆಯಲು ಹೊರಟ ಕಲಾವಿದ ಈ ಎರಡೂ ಅಸ್ಥಿಪಂಜರಗಳನ್ನು ಒಂದೇ ಎಲೆಯೊಳಗೆ ಕೂರಿಸಬೇಕು. ಇಂಥ ಕಟ್ಟುಗಳು ಈಚೆಗೆ ಬರುತ್ತಿವೆ. ಕೇಳಿದಾಗ ತಮಾಷೆ ಎನಿಸುತ್ತದೆ, ಬರೆಯಲು ಕೂತವನಿಗೆ ಮಾತ್ರ ಬೆವರು.

ಟ್ಯಾರೋ ಎಂದರೆ 78 ಎಲೆ. ಮರುಳ, ಮಾಂತ್ರಿಕ, ಗೋಪುರ, ಸೂರ್ಯ ಮುಂತಾದ 22 ದೊಡ್ಡವು, ಉಳಿದ 56 ಬಟ್ಟಲು, ಕತ್ತಿ, ದಂಡ, ನಾಣ್ಯಗಳೆಂಬ ನಾಲ್ಕು ಪಂಗಡದವು. ಹದಿನೈದನೆಯ ಶತಮಾನದ ಇಟಲಿಯಲ್ಲಿ ಹುಟ್ಟಿದಾಗ ಅದು, ನಮ್ಮ ಮೈಸೂರಿನ ಗಂಜೀಫಾದಂತೆ, ಬರೀ ಆಟ. ಭವಿಷ್ಯ ಹೇಳುವ ಉದ್ಯೋಗ ಹತ್ತಿಕೊಂಡದ್ದು ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ. ಭವಿಷ್ಯದ ಗೊಡವೆ ನನಗೆ ಬೇಡ, ಚಿತ್ರ ಸಾಕು.

ಇನ್ನು ಆ ಹಳೆಯ ಕಾರ್ಟೂನ್ ಶೈಲಿಗೆ 'ರಬ್ಬರ್ ಹೋಸ್' ಎಂದು ಹೆಸರು. 1920ರ ದಶಕದ ಅಮೆರಿಕದ ಸ್ಟುಡಿಯೋಗಳಲ್ಲಿ ಬೆಳೆದದ್ದು. ಪಾತ್ರದ ಕೈಕಾಲಿಗೆ ಮೊಣಕೈ, ಮೊಣಕಾಲು ಇಲ್ಲ. ತೋಟಕ್ಕೆ ನೀರು ಬಿಡುವ ಕೊಳವೆಯ ಹಾಗೆ ಎತ್ತ ಬೇಕಾದರತ್ತ ಬಾಗುತ್ತವೆ. ಇದು ಬರೀ ಚೇಷ್ಟೆಯಲ್ಲ. ಕೆಲವೇ ನಿಮಿಷದ ಚಿತ್ರಕ್ಕೆ ಸಾವಿರಾರು ಹಾಳೆ ಬರೆಯಬೇಕು. ಪ್ರತಿ ಹಾಳೆಯಲ್ಲೂ ಕೀಲನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತ ಹೋದರೆ ಮುಗಿಯುವುದೆಂದು? ಕೊಳವೆಯಾದರೆ ಒಂದೇ ಬೀಸಿನ ಗೆರೆ. ತಲೆ ಒಂದು ವೃತ್ತ, ಹೊಟ್ಟೆ ಇನ್ನೊಂದು. ಕಣ್ಣಿನ ಕಪ್ಪುಗುಡ್ಡೆಯಿಂದ ರೊಟ್ಟಿಯ ಚೂರು ಮುರಿದಂತೆ ಒಂದು ಮೂಲೆ ಕತ್ತರಿಸಿದರೆ ನೋಟ ಎತ್ತ ಹೊರಳಿದೆಯೆಂದು ತಿಳಿಯುತ್ತದೆ. ಕೈಗೆ ನಾಲ್ಕೇ ಬೆರಳು, ಅದೂ ಉಳಿತಾಯ. ಕಪ್ಪು ಮೈಯ ಮುಂದೆ ಕಪ್ಪು ಕೈ ಕಾಣದೆ ಹೋಗುತ್ತಿತ್ತು, ಅದಕ್ಕೆ ಬಿಳಿ ಕೈಗವಸು ಬಂತು. ಆ ಕೈಗವಸಿಗೆ ಇನ್ನೊಂದು ಮೂಲವೂ ಇದೆ: ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನ. ಇಂದು ಈ ಶೈಲಿಯನ್ನು ಕೈಗೆತ್ತಿಕೊಳ್ಳುವವರು ಅದನ್ನು ತಿಳಿದೇ ಎತ್ತಿಕೊಳ್ಳಬೇಕು.

ಆ ಕಾರ್ಟೂನ್ ಲೋಕದಲ್ಲಿ ಜೀವವಿಲ್ಲದ್ದು ಯಾವುದೂ ಇಲ್ಲ. ಕುರ್ಚಿ ಸೀನುತ್ತದೆ, ಮನೆ ಆಕಳಿಸುತ್ತದೆ. ಟ್ಯಾರೋದಲ್ಲಿಯೂ ಸೂರ್ಯಚಂದ್ರರಿಗೆ ಮುಖ ಇದ್ದೇ ಇದೆ. ಬಟ್ಟಲಿಗೊಂದು ಬಾಯಿ, ನಾಣ್ಯಕ್ಕೆರಡು ಕಣ್ಣು ಬರೆದರೆ ಅದು ಹೊರಗಿನಿಂದ ತಂದು ಅಂಟಿಸಿದ್ದೆನಿಸುವುದಿಲ್ಲ.

ಪಮೇಲಾಳ ಗೆರೆಯೂ ಈ ಕಾರ್ಟೂನ್ ಶೈಲಿಗೆ ದೂರದ್ದಲ್ಲ. ದಪ್ಪ ಕಪ್ಪು ಅಂಚು, ಒಳಗೆ ನೆರಳಿನ ಗೋಜಿಲ್ಲದ ಬಣ್ಣ. ಜಮೈಕಾದಲ್ಲಿ ಬಾಲ್ಯದ ಕೆಲವು ವರ್ಷ ಕಳೆದು, ಅಲ್ಲಿನ ಅನಾನ್ಸಿ ಎಂಬ ಜೇಡನ ಜನಪದ ಕತೆಗಳನ್ನು ಚಿತ್ರಸಹಿತ ಪುಸ್ತಕ ಮಾಡಿದವಳು, ರಂಗಭೂಮಿಯ ಒಡನಾಟವಿದ್ದವಳು. ಅವಳ ಎಲೆಗಳಲ್ಲಿ ಜನ ರಂಗದ ಮೇಲೆ ನಿಂತಂತೆ ನಿಲ್ಲುತ್ತಾರೆ, ಮುಖಕ್ಕಿಂತ ಮೈ ಹೆಚ್ಚು ಮಾತಾಡುತ್ತದೆ. ಕೆಲಸ ದೊಡ್ಡದು, ಕಾಸು ತೀರ ಕಡಿಮೆ ಎಂದು ಅವಳು 1909ರಲ್ಲೇ ಛಾಯಾಗ್ರಾಹಕ ಸ್ನೇಹಿತ ಸ್ಟೀಗ್ಲಿಟ್ಸ್‌ಗೆ ಬರೆದಿದ್ದಳು. ಕಾರ್ಟೂನ್ ಸ್ಟುಡಿಯೋದ ಹುಡುಗರಿಗೂ ಅರ್ಥವಾಗುವ ಮಾತು.

ಕೆಲವು ಎಲೆಗಳು ತಾವಾಗಿಯೇ ಒದಗಿಬರುತ್ತವೆ. ಮರುಳ ಮುಖ ಮೇಲೆತ್ತಿಕೊಂಡು ಕಡಿದಾದ ಬಂಡೆಯ ಅಂಚಿಗೆ ಹೆಜ್ಜೆ ಹಾಕುತ್ತಾನೆ, ಕಾಲ ಬಳಿ ನಾಯಿ ನೆಗೆಯುತ್ತಿದೆ. ಅವನು ಆಗಲೇ ಕಾರ್ಟೂನ್ ಪಾತ್ರ. ಗೋಪುರಕ್ಕೆ ಸಿಡಿಲು ಬಡಿದು ಇಬ್ಬರು ಉದುರುವುದೂ ಹಾಗೆಯೇ. ಕಷ್ಟ ಬರುವುದು ಕತ್ತಿ ಪಂಗಡದ ಹತ್ತರ ಎಲೆಯಲ್ಲಿ. ಒಬ್ಬ ಬೋರಲು ಬಿದ್ದಿದ್ದಾನೆ, ಅವನ ಮೇಲೆ ಹತ್ತು ಕತ್ತಿ ನಾಟಿವೆ. ರಬ್ಬರ್ ದೇಹಕ್ಕೆ ಸಾವಿಲ್ಲ. ಎದ್ದು ಧೂಳು ಕೊಡವಿ ನಡೆದುಬಿಡುತ್ತದೆ. ಹಾಗೆ ಏಳಲಾರ ಎಂದು ನೋಡುವವನಿಗೆ ಅನ್ನಿಸಬೇಕಾದರೆ ಆ ಒಂದು ಎಲೆಯಲ್ಲಿ ಗೆರೆ ಬಿಗಿಯಬೇಕು, ಕೊಳವೆಯೊಳಗೆ ಎಲುಬು ಕಾಣಬೇಕು. ಇನ್ನೊಂದು ಎಲೆಯಲ್ಲಿ ತಲೆಕೆಳಗಾಗಿ ನೇತಾಡುವವನ ಕಾಲನ್ನು ನೆಲ ಮುಟ್ಟುವವರೆಗೆ ಎಳೆದು ನಗಿಸುವುದು ಸುಲಭ. ಪಮೇಲಾ ಅವನ ಮುಖಕ್ಕೆ ಕೊಟ್ಟ ಶಾಂತಿಯನ್ನು ಉಳಿಸುವುದು ಸುಲಭವಲ್ಲ. ಕತ್ತಿಯ ಮೂರರಲ್ಲಿ ಇರುವುದು ಮಳೆಯ ನಡುವೆ ಚುಚ್ಚಿಸಿಕೊಂಡ ಒಂದು ಹೃದಯ ಮಾತ್ರ. ಅದಕ್ಕೆ ಕಣ್ಣು ಬರೆದು ಕಣ್ಣೀರು ಸುರಿಸುವುದು ನನಗಂತೂ ಸರಿಬೀಳದು. ಅಲ್ಲಿ ಯಾರೂ ಇಲ್ಲದಿರುವುದೇ ಆ ಎಲೆಯ ನೋವು.

ಬಣ್ಣದ್ದು ಬೇರೆ ಪ್ರಶ್ನೆ. ಆ ಕಾಲದ ಬಹುಪಾಲು ಕಾರ್ಟೂನ್ ಕಪ್ಪು ಬಿಳುಪು. ಹಾಗಾಗಿ ಮಾಸಿದ ಕೆಂಪು, ಸಾಸಿವೆ ಹಳದಿ, ಕೆನೆಬಣ್ಣದ ಹಿನ್ನೆಲೆ, ಇಷ್ಟರಲ್ಲೇ ಮುಗಿಸಿದರೆ ಚೆನ್ನ. ಕೆಲವರು ಕಾಫಿ ಕಲೆ, ಮಡಿಕೆಯ ಗುರುತುಗಳನ್ನೆಲ್ಲ ಅಚ್ಚು ಹಾಕಿಸುತ್ತಾರೆ. ಹಳೆತನ ಗೆರೆಯಲ್ಲಿದ್ದರೆ ಕಲೆಗೆ ಕೆಲಸವಿಲ್ಲ. ಇನ್ನೊಂದು ಕಟ್ಟುಪಾಡೂ ಉಂಟು: ಟ್ಯಾರೋ ಎಲೆ ತಲೆಕೆಳಗಾಗಿ ಬಂದರೆ ಬೇರೆ ಅರ್ಥ ಹೇಳುವವರಿದ್ದಾರೆ. ಆದ್ದರಿಂದ ಬೆನ್ನಿನ ಚಿತ್ರ ಹೇಗೆ ತಿರುಗಿಸಿದರೂ ಒಂದೇ ಥರ ಕಾಣಬೇಕು, ಮಗುಚುವ ಮೊದಲೇ ಗುಟ್ಟು ಬಿಡಬಾರದು.

ಅಂಥದೊಂದು ಕಟ್ಟು ಕೈಗೆ ಬಂದರೆ ಮರುಳನನ್ನೋ ಸಾವನ್ನೋ ಮೊದಲು ನೋಡಬೇಡಿ. 22 ಎಲೆಗಳನ್ನು ಎಲ್ಲರೂ ಆಸೆಪಟ್ಟು ಬರೆಯುತ್ತಾರೆ, ದಣಿವು ಕಾಣುವುದು 56ರಲ್ಲಿ. ದಂಡದ ಏಳನ್ನು ತೆಗೆಯಿರಿ. ಪಮೇಲಾಳ ಎಲೆಯಲ್ಲಿ ದಿಬ್ಬದ ಮೇಲೆ ನಿಂತು ಒಬ್ಬನೇ ಆರು ದಂಡಗಳನ್ನು ಎದುರಿಸುವವನ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬೇರೆಯೇ ಜೋಡು. ಹೊಸ ಚಿತ್ರದಲ್ಲೂ ಆ ಹೊಂದದ ಜೋಡು ಇದ್ದರೆ, ಬರೆದವರು ಅವಳ ಎಲೆಗಳನ್ನು ಕಣ್ಣಿಟ್ಟು ನೋಡಿದ್ದಾರೆ.