ಅಲಾರಂ ಪೆಟ್ಟಿಗೆಗೂ ಬೇಕು ಲೆಕ್ಕಪರಿಶೋಧನೆ

2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಿಂದ 17 ಕಿಲೋಗೂ ಅಧಿಕ ಚಿನ್ನ ಕಳವಾಯಿತು. ಕಳ್ಳರು ಅಲಾರಂ ಸಂಪರ್ಕವನ್ನೇ ಕಡಿದಿದ್ದರು. ಆದರೆ ಚನ್ನಗಿರಿ, ಹೊನ್ನಾಳಿ, ಜಗಳೂರಿನ ವರ್ತಕ ಬಂಧುಗಳೇ, ಯಾರೂ ಕಡಿಯದಿದ್ದರೂ ನಮ್ಮ ಅಲಕ್ಷ್ಯದಿಂದಲೇ ಅಲಾರಂ ಮೂಕವಾಗಬಹುದು.

ವಿದ್ಯುತ್ ದೋಷ ಕಂಡುಬಂದರೆ ಮೊದಲು ಸಾಕೆಟ್, ಫ್ಯೂಸ್, ಬ್ಯಾಟರಿಗಳನ್ನು ಪರೀಕ್ಷಿಸಬೇಕು. 12 ವೋಲ್ಟ್ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ 3ರಿಂದ 5 ವರ್ಷ.

ಅಧಿಕ ಕರೆಂಟಿನ ಸೂಚನೆ ಬಂದರೆ, ತಾಳೆಯಾಗದ ಲೆಕ್ಕವನ್ನು ಬಾಬುವಾರು ನೋಡುವಂತೆ ನೋಡಬೇಕು. ತಂತ್ರಜ್ಞರಿಂದ ಸೈರನ್, ಸೆನ್ಸರುಗಳ ತಂತಿ ಬಿಚ್ಚಿಸಿ, ಒಂದೊಂದಾಗಿ ಮರಳಿ ಜೋಡಿಸಿದಾಗ ದೋಷ ಎಲ್ಲಿ ಮರುಕಳಿಸುವುದೋ ಅಲ್ಲಿಯೇ ಶಾರ್ಟ್ ಇರುವ ಸಂಭವ ಹೆಚ್ಚು. ಬಿಡಿಯಾಗಿ ಎಲ್ಲವೂ ಸರಿಯಿದ್ದು ಒಟ್ಟುಗೂಡಿದಾಗ ಮಾತ್ರ ದೋಷ ಬಂದರೆ, ಆದಾಯ ಮೀರಿದ ವೆಚ್ಚದಂತೆ, ಪೆಟ್ಟಿಗೆಯ ಸಾಮರ್ಥ್ಯ ಮೀರಿದ ಹೊರೆ. ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ, ಅಪಾಯ.

ತಿಂಗಳಿಗೊಮ್ಮೆ ಮೇನ್ ಆರಿಸಿ ಸೈರನ್ ಮೊಳಗುವುದೇ ಎಂದು ಪರೀಕ್ಷಿಸಿರಿ. ದಿನಾಂಕವನ್ನು ಪುಸ್ತಕದಲ್ಲಿ ದಾಖಲಿಸಿರಿ.